ಮನೆ ಬದಲಾಯಿಸುವಾಗ ಕುಂಡದ ಗಿಡಗಳನ್ನು ಜೋಪಾನವಾಗಿ ಸಾಗಿಸುವುದು ಹೇಗೆ?

ಮನೆ ಬದಲಾಯಿಸುವಾಗ ಫ್ರಿಜ್ಜು, ಬೀರು, ಮಂಚಕ್ಕೆಲ್ಲ ಲೆಕ್ಕ ಹಾಕಿರುತ್ತೇವೆ. ಗಿಡಗಳ ನೆನಪಾಗುವುದು ಲಾರಿ ಬಂದು ಗೇಟಿನ ಮುಂದೆ ನಿಂತ ಮೇಲೆ. ಆಗ ಸಿಕ್ಕ ಸಂದಿಯಲ್ಲಿ ಕುಂಡಗಳನ್ನು ತುರುಕಿ ಕಳಿಸುತ್ತೇವೆ. ನಾನು ಇದುವರೆಗೆ ಮೂರು ಸಲ ಮನೆ ಬದಲಾಯಿಸಿದ್ದೇನೆ. ಎರಡು ಸಲ ಬೆಂಗಳೂರಿನೊಳಗೇ, ಮೂರನೆಯದು ಬೆಂಗಳೂರಿನಿಂದ ಮಂಗಳೂರಿಗೆ. ಮೊದಲ ಸಲ 30 ಕುಂಡಗಳಲ್ಲಿ 11 ಹೋದವು. ಮೂರನೇ ಸಲ ಸುಮಾರು 350 ಕಿಲೋಮೀಟರ್ ದಾಟಿ ಬಂದರೂ 40ರಲ್ಲಿ ಹೋಗಿದ್ದು ಎರಡೇ.

ಮೊದಲ ಸಲ ಆ 11 ಗಿಡಗಳೂ ಹೊಸ ಮನೆಗೆ ಹಸಿರಾಗಿಯೇ ಬಂದಿದ್ದವು. ಆಮೇಲೆ ಒಂದು ತಿಂಗಳೊಳಗೆ ಒಂದೊಂದಾಗಿ ಒಣಗಿದವು. ದಾರಿಯ ಕುಲುಕಾಟವನ್ನು ಗಿಡ ಹೇಗೋ ತಡೆದುಕೊಳ್ಳುತ್ತದೆ. ಬೇರು ಕಿತ್ತುಹೋದರೆ, ಬಿಸಿಲು ಇದ್ದಕ್ಕಿದ್ದಂತೆ ಬದಲಾದರೆ, ಅದರ ಮೇಲೆ ನಾವು ಗಾಬರಿಯಲ್ಲಿ ನೀರು ಸುರಿದರೆ ತಡೆದುಕೊಳ್ಳುವುದಿಲ್ಲ. ಹಾಗಾಗಿ ಗಿಡದ ಕೆಲಸ ಒಂದು ತಿಂಗಳು ಮೊದಲೇ ಶುರುವಾಗಬೇಕು. ಸಾಮಾನು ಇಳಿಸಿದ ಮೇಲೂ ಒಂದು ತಿಂಗಳು ನಡೆಯಬೇಕು.

ಯಾವ ಕಾಲ ಒಳ್ಳೆಯದು?

ಮಕ್ಕಳ ಪರೀಕ್ಷೆ ಮುಗಿದ ಮೇಲೆ, ಏಪ್ರಿಲ್, ಮೇ ತಿಂಗಳಲ್ಲಿ ಮನೆ ಬದಲಾಯಿಸುವವರು ಜಾಸ್ತಿ. ಗಿಡಗಳಿಗೆ ಅದೇ ಎಲ್ಲಕ್ಕಿಂತ ಕಷ್ಟದ ಕಾಲ. ಆಷಾಢದಲ್ಲಿ ಹೊಸ ಮನೆಯಲ್ಲಿ ಹಾಲು ಉಕ್ಕಿಸುವ ರೂಢಿ ನಮ್ಮಲ್ಲಿ ಇಲ್ಲ. ಅದು ಕಳೆದು ಶ್ರಾವಣದಲ್ಲಿ ಹೋದರೆ ಗಿಡಗಳಿಗೆ ಬಹಳ ಅನುಕೂಲ. ಮೋಡ ಇರುತ್ತದೆ, ಗಾಳಿಯಲ್ಲಿ ತೇವ ಇರುತ್ತದೆ. ನವೆಂಬರಿನಿಂದ ಜನವರಿಯವರೆಗೂ ಪರವಾಗಿಲ್ಲ. ಬೇಸಿಗೆಯಲ್ಲೇ ಹೋಗಬೇಕಾಗಿ ಬಂದರೆ ರಾತ್ರಿ ಹೊರಡಿ, ಅಷ್ಟೇ.

ಒಂದು ತಿಂಗಳು ಮೊದಲು: ಹೊಸ ಮನೆಯ ಬಿಸಿಲು ನೋಡಿ

ಹೊಸ ಮನೆಗೆ ಒಮ್ಮೆ ಬೆಳಿಗ್ಗೆ 9 ಗಂಟೆಗೆ, ಇನ್ನೊಮ್ಮೆ ಮಧ್ಯಾಹ್ನ 3 ಗಂಟೆಗೆ ಹೋಗಿ ನಿಲ್ಲಿ. ಬಿಸಿಲು ಎಲ್ಲಿ ಬೀಳುತ್ತದೆ, ಎಷ್ಟು ಹೊತ್ತು ಇರುತ್ತದೆ, ಪಕ್ಕದ ಕಟ್ಟಡದ ನೆರಳು ಎಲ್ಲಿಯವರೆಗೆ ಬರುತ್ತದೆ ಅಂತ ಬರೆದುಕೊಳ್ಳಿ. ಫೋನಿನ ದಿಕ್ಸೂಚಿಯಲ್ಲಿ ದಿಕ್ಕು ನೋಡಿಕೊಳ್ಳಿ. ಇಲ್ಲಿ ಒಂದು ವಿಷಯದಲ್ಲಿ ತುಂಬ ಜನ ಮೋಸ ಹೋಗುತ್ತಾರೆ. ನಮ್ಮ ಕಡೆ ಮೇ, ಜೂನ್, ಜುಲೈ ತಿಂಗಳಲ್ಲಿ ಸೂರ್ಯ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ಸರಿದಿರುತ್ತಾನೆ. ಆಗ ಉತ್ತರದ ಬಾಲ್ಕನಿಗೂ ಬಿಸಿಲು ಬರುತ್ತದೆ. ಅದನ್ನು ನೋಡಿ ಮಲ್ಲಿಗೆ, ಗುಲಾಬಿಗಳನ್ನು ಅಲ್ಲಿ ಜೋಡಿಸಿದರೆ ಡಿಸೆಂಬರಿಗೆ ಒಂದು ಗೆರೆ ಬಿಸಿಲೂ ಸಿಗುವುದಿಲ್ಲ. ದಕ್ಷಿಣದ ಬಾಲ್ಕನಿಯದು ಇದಕ್ಕೆ ತದ್ವಿರುದ್ಧ.

ಹೊಸ ಮನೆಯ ಓನರ್ ಹತ್ತಿರ ಈಗಲೇ ಮಾತಾಡಿ. ತಾರಸಿಯಲ್ಲಿ ಕುಂಡ ಇಡಬಹುದಾ, ಎಷ್ಟು ಇಡಬಹುದು, ನೀರು ಕೆಳಗಿನವರ ಬಾಲ್ಕನಿಗೆ ಇಳಿಯುತ್ತದಾ ಅಂತ ಕೇಳಿ. ಭಾರದ ಅಂದಾಜೂ ಕೊಡಿ. 12 ಇಂಚಿನ ಒಂದು ಕುಂಡಕ್ಕೆ ಮಣ್ಣು ತುಂಬಿ ನೀರು ಹಾಕಿದರೆ ಹತ್ತಿರ ಹತ್ತಿರ 20 ಕೆಜಿ ಆಗುತ್ತದೆ. ಅಂಥ 10 ಕುಂಡ ಅಂದರೆ 200 ಕೆಜಿ. ಮನೆಗೆ ಹೋದ ಮೇಲೆ ಈ ಮಾತು ಎದ್ದರೆ ಮನಸ್ತಾಪ ಆಗುತ್ತದೆ.

ಇದಾದ ಮೇಲೆ ಗಿಡಗಳನ್ನು ಆರಿಸಿ. ಎಲ್ಲವನ್ನೂ ಒಯ್ಯುವ ಹಟ ಬೇಡ. ಹೊಸ ಮನೆಯಲ್ಲಿ ಬಿಸಿಲೇ ಇಲ್ಲದಿದ್ದರೆ ದಾಸವಾಳವನ್ನು ಪಕ್ಕದ ಮನೆಯವರಿಗೆ ಕೊಟ್ಟುಹೋಗುವುದು ಆ ಗಿಡಕ್ಕೆ ಒಳ್ಳೆಯದು. ಸಿಮೆಂಟ್ ಕುಂಡದಲ್ಲಿ ಎದೆಮಟ್ಟ ಬೆಳೆದ ಗಿಡವನ್ನು ಇಬ್ಬರು ಹೊತ್ತು ಮೂರು ಮಹಡಿ ಇಳಿಸಬೇಕಾದರೆ ಎರಡು ಸಲ ಯೋಚಿಸಿ. ದೇವಸ್ಥಾನ, ಶಾಲೆ, ಕೆಳಗಿನ ಮನೆಯ ಆಂಟಿ, ಹೀಗೆ ಕೇಳಿದರೆ ತಗೊಳ್ಳುವವರು ಸಿಕ್ಕೇ ಸಿಗುತ್ತಾರೆ. ಕೊಡುವಾಗ ಆ ಗಿಡಕ್ಕೆ ಎಷ್ಟು ದಿನಕ್ಕೊಮ್ಮೆ ನೀರು ಹಾಕುತ್ತಿದ್ದಿರಿ ಅಂತ ಹೇಳಿ ಕೊಡಿ.

ಕುಂಡ ಎತ್ತಿ ತಳ ನೋಡಿ

ಈ ಕೆಲಸವನ್ನು ನಾನು ಮೊದಲ ಸಲ ಮಾಡಲಿಲ್ಲ. ಆಗ ನಾವಿದ್ದದ್ದು ಬೆಂಗಳೂರಿನ ವಿಜಯನಗರದ ನೆಲಮಹಡಿ ಮನೆ. ಕಾಂಪೌಂಡಿನ ಮೂಲೆಯಲ್ಲಿ, ಬರೀ ಮಣ್ಣಿನ ಮೇಲೆ, ಕರಿಬೇವಿನ ಕುಂಡ ನಾಲ್ಕು ವರ್ಷದಿಂದ ಕೂತಿತ್ತು. ಹೊರಡುವ ದಿನ ಎತ್ತಲು ಹೋದರೆ ಕುಂಡ ಅಲುಗಲೇ ಇಲ್ಲ. ಸಾಮಾನು ಹೊರುವ ಹುಡುಗರಿಬ್ಬರು ಆ ಕಡೆ ಈ ಕಡೆ ಅಲ್ಲಾಡಿಸಿ ಎತ್ತಿದರು. 'ಟಪ್' ಅಂತ ಸದ್ದಾಯಿತು. ಬಗ್ಗಿಸಿ ನೋಡಿದೆ. ತಳದ ತೂತಿನಿಂದ ಹೆಬ್ಬೆರಳು ದಪ್ಪದ ಬೇರು ಹೊರಬಂದು ನೆಲಕ್ಕಿಳಿದಿತ್ತು. ಮುರಿದ ಜಾಗ ಬೆಳ್ಳಗೆ, ಹಸಿಹಸಿಯಾಗಿತ್ತು. ನೀರು ಕುಡಿಯುವ ಎಳೆ ಬೇರುಗಳೆಲ್ಲ ನೆಲದಲ್ಲೇ ಉಳಿದವು. ಕುಂಡದಲ್ಲಿ ಇದ್ದದ್ದು ಬರೀ ಹಳೇ ಬೇರು. ಹತ್ತು ದಿನದಲ್ಲಿ ಸೊಪ್ಪು ಮುಟ್ಟಿದರೆ ಉದುರತೊಡಗಿತು. ತಿಂಗಳೊಳಗೆ ಗಿಡ ಹೋಯಿತು.

ಹಾಗಾಗಿ ಪ್ರತಿ ಕುಂಡವನ್ನೂ ತಿಂಗಳ ಮೊದಲೇ ಒಂದು ಕಡೆ ವಾಲಿಸಿ ತಳ ನೋಡಿ. ಬೇರು ನೆಲಕ್ಕಿಳಿದಿದ್ದರೆ ಎಳೆಯಬೇಡಿ. ಹರಿತವಾದ ಕತ್ತರಿಯಿಂದ ಒಂದೆರಡು ಬೇರು ಕತ್ತರಿಸಿ, ಮೇಲಿನ ಟೊಂಗೆಗಳನ್ನೂ ಕಾಲು ಭಾಗ ಸವರಿ. ಒಂದು ವಾರ ಬಿಟ್ಟು ಉಳಿದ ಬೇರು ಕತ್ತರಿಸಿ, ಕುಂಡವನ್ನು ಇಟ್ಟಿಗೆ ಮೇಲೆ ನೆರಳಿಗೆ ಎತ್ತಿಡಿ. ಮುಂದಿನ ಎರಡು ಮೂರು ವಾರದಲ್ಲಿ ಕುಂಡದ ಒಳಗೇ ಹೊಸ ಎಳೆ ಬೇರು ಬರುತ್ತದೆ. ತಾರಸಿಯಲ್ಲಿಟ್ಟ ಕುಂಡಗಳ ಬೇರೂ ಬಿರುಕು ಹುಡುಕಿಕೊಂಡು ಇಳಿದಿರುತ್ತದೆ, ಅದನ್ನೂ ನೋಡಿ.

ಕುಂಡ ಬದಲಾಯಿಸುವುದಿದ್ದರೆ ಇದೇ ಸಮಯ. ಮಣ್ಣಿನ ಕುಂಡ ಒಡೆಯುತ್ತದೆ, ಸಿಮೆಂಟ್ ಕುಂಡ ಭಾರ. ಅವುಗಳಲ್ಲಿರುವ ಗಿಡಗಳನ್ನು ಪ್ಲಾಸ್ಟಿಕ್ ಕುಂಡಕ್ಕೋ ಗ್ರೋ ಬ್ಯಾಗಿಗೋ ಹಾಕಿ, ಹೊಸ ಮಣ್ಣಿಗೆ ಮೂರನೇ ಒಂದು ಭಾಗ ಕೋಕೋಪಿಟ್ (ತೆಂಗಿನ ನಾರಿನ ಪುಡಿ) ಬೆರೆಸಿದರೆ ಭಾರ ಕಡಿಮೆ ಆಗುತ್ತದೆ. ಆದರೆ ಹೊರಡಲು 20 ದಿನ ಕೂಡ ಉಳಿದಿಲ್ಲ ಅಂದರೆ ಬೇಡ, ಇದ್ದ ಕುಂಡದಲ್ಲೇ ಒಯ್ಯಿರಿ. ಗೊಬ್ಬರವನ್ನೂ ಈಗಿನಿಂದ ನಿಲ್ಲಿಸಿ. ಗೊಬ್ಬರ ತಿಂದು ಬಂದ ಮೆತ್ತನೆ ಚಿಗುರು ಪ್ರಯಾಣದಲ್ಲಿ ಮೊದಲು ಬಾಡುತ್ತದೆ.

ಪ್ರತಿ ಗಿಡಕ್ಕೂ ಒಂದು ಮರಿ

ಪ್ರೀತಿಯ ಗಿಡ ಯಾವುದೇ ಇರಲಿ, ಅದರದ್ದೊಂದು ಮರಿ ಬೇರೆಯಾಗಿ ನಿಮ್ಮ ಕೈಲಿರಬೇಕು. ದೊಡ್ಡ ಗಿಡ ಹೋದರೂ ತಳಿ ಉಳಿಯುತ್ತದೆ. ನನ್ನ ಅಮ್ಮ ತವರಿನಿಂದ ತಂದ ದುಂಡುಮಲ್ಲಿಗೆ ಹೀಗೇ ನಾಲ್ಕು ಮನೆ ದಾಟಿ ಬಂದಿದೆ.

ದೊಡ್ಡಪತ್ರೆಯ ಕಡ್ಡಿ ಚುಚ್ಚಿದರೆ ಸಾಕು, ವಾರ ಹತ್ತು ದಿನದಲ್ಲಿ ಬೇರು ಬಿಡುತ್ತದೆ. ಮನಿಪ್ಲಾಂಟಿನ ಬಳ್ಳಿಯನ್ನು ಗಿಣ್ಣಿನ ಕೆಳಗೆ ಕತ್ತರಿಸಿ ನೀರಿನ ಬಾಟಲಿಯಲ್ಲಿಡಿ. ಬ್ರಹ್ಮಕಮಲದ ಒಂದು ಎಲೆಯನ್ನು ಕತ್ತರಿಸಿ, ಎರಡು ದಿನ ನೆರಳಲ್ಲಿ ಗಾಯ ಒಣಗಲು ಬಿಟ್ಟು, ಕಾಲು ಭಾಗ ಮಣ್ಣಿಗಿಳಿಸಿ ನಿಲ್ಲಿಸಿ. ದಾಸವಾಳಕ್ಕೆ ಪೆನ್ಸಿಲ್ ದಪ್ಪದ, ಆರೇಳು ಇಂಚಿನ ಕಡ್ಡಿ ಬೇಕು. ಕೆಳಗಿನ ಎಲೆ ತೆಗೆದು, ಮೇಲೆ ಎರಡೇ ಎಲೆ ಬಿಡಿ. ಬೇರು ಬರಲು ತಿಂಗಳಾದರೂ ಬೇಕು, ಅದಕ್ಕೇ ಬೇಗ ಶುರು ಮಾಡಿ ಅನ್ನುವುದು. ಮಲ್ಲಿಗೆಯ ಉದ್ದನೆಯ ಟೊಂಗೆಯನ್ನು ಬಗ್ಗಿಸಿ ಪಕ್ಕದ ಸಣ್ಣ ಕುಂಡದ ಮಣ್ಣಲ್ಲಿ ಹೂತು, ಮೇಲೊಂದು ಕಲ್ಲಿಡಿ. ಒಂದೂವರೆ, ಎರಡು ತಿಂಗಳಲ್ಲಿ ಬೇರು ಬಿಟ್ಟಿರುತ್ತದೆ, ಆಮೇಲೆ ತಾಯಿಗಿಡದಿಂದ ಬೇರೆ ಮಾಡಿ. ಹಾಗಾಗಿ ಇದೊಂದನ್ನು ಹೊರಡುವ ಎರಡು ತಿಂಗಳು ಮೊದಲೇ ಶುರು ಮಾಡಿ. ಕರಿಬೇವು ಕಡ್ಡಿಯಿಂದ ಬರುವುದು ಕಷ್ಟ. ಬುಡದ ಸುತ್ತ ಬೇರಿನಿಂದ ಎದ್ದ ಮರಿಯನ್ನು ಬೇರಿನ ಸಮೇತ ತೆಗೆದು ನೆಡಿ. ಕಪ್ಪಗೆ ಹಣ್ಣಾದ ಬೀಜವಿದ್ದರೆ ತಿರುಳು ತೆಗೆದು ಅವತ್ತೇ ಬಿತ್ತಿ, ಒಣಗಿಸಿಟ್ಟರೆ ಮೊಳೆಯುವುದು ಅನುಮಾನ. ತುಳಸಿಯ ಒಣಗಿದ ತೆನೆಗಳನ್ನು ಉಜ್ಜಿ, ಬೀಜವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ, ಹೆಸರು ಬರೆದು ಕೈಚೀಲದಲ್ಲಿ ಇಟ್ಟುಕೊಳ್ಳಿ.

ವಿದೇಶಕ್ಕೆ ಹೊರಟವರು ಕುಂಡ ಒಯ್ಯುವ ಆಸೆ ಬಿಡಬೇಕು. ಮಣ್ಣಿನಲ್ಲಿ ಹುಳ, ರೋಗ ಹೋಗುತ್ತವೆ ಅಂತ ಹೆಚ್ಚಿನ ದೇಶಗಳು ಅದನ್ನು ಒಳಗೆ ಬಿಡುವುದಿಲ್ಲ. ಅಮೆರಿಕಕ್ಕೆ ನಮ್ಮ ಕರಿಬೇವಿನ ಹಸಿ ಸೊಪ್ಪನ್ನೂ ತಗೊಂಡು ಹೋಗುವಂತಿಲ್ಲ. ಕರಿಬೇವು ನಿಂಬೆ, ಕಿತ್ತಳೆಗಳ ಕುಟುಂಬದ ಗಿಡ. ಕಿತ್ತಳೆ ತೋಟಗಳನ್ನು ಹಾಳು ಮಾಡುವ ಗ್ರೀನಿಂಗ್ ರೋಗ ಹರಡುವ ಪುಟ್ಟ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಅದಕ್ಕೇ ಈ ಕಟ್ಟುನಿಟ್ಟು.

ಒಂದು ವಾರ ಮೊದಲು: ಹುಳ, ಇರುವೆ

ಎಲೆಗಳ ಅಡಿ ನೋಡಿ. ಹತ್ತಿಯ ಚೂರಿನಂತೆ ಬೆಳ್ಳಗೆ ಅಂಟಿಕೊಂಡಿದ್ದರೆ ಹಿಟ್ಟುತಿಗಣೆ. ಗಿಡಗಳನ್ನು ಒತ್ತೊತ್ತಾಗಿ ಜೋಡಿಸಿ ಒಯ್ದಾಗ ಒಂದು ದಾಸವಾಳದ ಹುಳ ಎಲ್ಲ ಗಿಡಗಳಿಗೂ ಹತ್ತುತ್ತದೆ. 1 ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಚೆನ್ನಾಗಿ ಕಲಸಿ, ಸಂಜೆ ಹೊತ್ತು ಎಲೆಯ ಅಡಿಗೆ ಬೀಳುವಂತೆ ಸಿಂಪಡಿಸಿ. ನಾಲ್ಕು ದಿನ ಬಿಟ್ಟು ಇನ್ನೊಮ್ಮೆ. ಕುಂಡದ ಅಡಿಯಲ್ಲಿ ಬಸವನಹುಳು, ಅದರ ಮೊಟ್ಟೆ ಇದ್ದರೆ ತೆಗೆದುಬಿಡಿ. ಕುಂಡದೊಳಗೆ ಇರುವೆ ಗೂಡು ಕಟ್ಟಿದ್ದರೆ ಬಕೆಟ್ಟಿನ ನೀರಲ್ಲಿ ಮಣ್ಣು ಮುಳುಗುವಷ್ಟು ಇಳಿಸಿ ಅರ್ಧ ಗಂಟೆ ಇಡಿ, ಎಲ್ಲ ಎದ್ದು ಬರುತ್ತವೆ. ಆಮೇಲೆ ನೀರು ಪೂರ್ತಿ ಬಸಿಯಲಿ.

ಇನ್ನೊಂದು ಸಣ್ಣ ಕೆಲಸ ಇದೆ, ತಪ್ಪದೆ ಮಾಡಿ. ಪ್ರತಿ ಕುಂಡದ ಪೂರ್ವದ ಬದಿಗೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯಿರಿ. ಗಿಡದ ಎಲೆಗಳು ಬಿಸಿಲಿನ ಕಡೆಗೆ ಹೊಂದಿಕೊಂಡಿರುತ್ತವೆ. ಹೊಸ ಮನೆಯಲ್ಲಿ ಅದೇ ಗೆರೆ ಪೂರ್ವಕ್ಕೆ ಬರುವಂತೆ ಇಟ್ಟರೆ ಗಿಡ ಹೊರಳಿ ಹೊಂದಿಕೊಳ್ಳುವ ಶ್ರಮ ತಪ್ಪುತ್ತದೆ. ಮೂರನೇ ಸಲ ನಾನು ಇದನ್ನು ಮಾಡಿದೆ. ಮೊಗ್ಗು ತುಂಬಿದ್ದ ನಂದಿಬಟ್ಟಲು ಒಂದು ಮೊಗ್ಗನ್ನೂ ಉದುರಿಸಲಿಲ್ಲ.

ಗಾಡಿ ಮತ್ತು ನೀರು

ಮನೆ ಸಾಮಾನು ಸಾಗಿಸುವವರು ಗಿಡಗಳನ್ನು ತಗೊಳ್ಳುತ್ತಾರಾ ಅಂತ ಮೊದಲೇ ಕೇಳಿ. ಕೆಲವರು ಒಪ್ಪುವುದಿಲ್ಲ, ಕೆಲವರು ಒಪ್ಪಿದರೂ ಗಿಡಕ್ಕೆ ನಾವು ಜವಾಬ್ದಾರರಲ್ಲ ಅನ್ನುತ್ತಾರೆ. 20ಕ್ಕಿಂತ ಜಾಸ್ತಿ ಕುಂಡಗಳಿದ್ದರೆ ಬೇರೆ ಗಾಡಿ ಮಾಡುವುದೇ ಸರಿ. ಟಾಟಾ ಏಸ್‌ನಂಥ ಗಾಡಿಯ ಹಿಂಭಾಗ ಸುಮಾರು 7 ಅಡಿ ಉದ್ದ, 5 ಅಡಿಗೆ ಸ್ವಲ್ಪ ಕಡಿಮೆ ಅಗಲ. ನನ್ನ 40 ಕುಂಡಗಳು ಅದರಲ್ಲಿ ಕೂತವು.

ಹೊರಡುವ ಹಿಂದಿನ ದಿನ ಬೆಳಿಗ್ಗೆ ತೂತಿನಿಂದ ನೀರು ಇಳಿಯುವಷ್ಟು ಹಾಕಿ. ಆಮೇಲೆ ಹಾಕಬೇಡಿ. ಹೊರಡುವಾಗ ಮಣ್ಣು ತೇವ ಇರಬೇಕು, ತೊಟ್ಟಿಕ್ಕಬಾರದು. ಒಣಮಣ್ಣು ಕುಲುಕಿದರೆ ಪುಡಿಯಾಗಿ ಬೇರು ಬಿಟ್ಟುಹೋಗುತ್ತದೆ. ತೊಯ್ದ ಮಣ್ಣು ಭಾರ, ಕೆಸರು. ಕಳ್ಳಿ, ಲೋಳೆಸರ, ಸ್ನೇಕ್ ಪ್ಲಾಂಟಿಗೆ ವಾರದಿಂದ ನೀರು ಕೊಡದಿದ್ದರೂ ನಡೆಯುತ್ತದೆ.

ಕಟ್ಟುವುದು, ತುಂಬುವುದು

ಹಳೇ ಪಂಚೆ ಅಥವಾ ಕಾಟನ್ ಸೀರೆಯನ್ನು ಮೂರು ಬೆರಳಗಲದ ಪಟ್ಟಿಗಳಾಗಿ ಹರಿಯಿರಿ. ಇದರಷ್ಟು ಒಳ್ಳೆಯ ದಾರ ಬೇರೆ ಇಲ್ಲ. ಬುಡದಿಂದ ಶುರು ಮಾಡಿ, ಟೊಂಗೆಗಳನ್ನು ಮೆಲ್ಲಗೆ ಮೇಲಕ್ಕೆ ಸೇರಿಸುತ್ತ ಸುತ್ತುತ್ತ ಹೋಗಿ. ಬಿಗಿ ಬೇಡ, ಬೆರಳು ತೂರುವಷ್ಟು ಸಡಿಲ ಇರಲಿ. ಪ್ಲಾಸ್ಟಿಕ್ ಹಗ್ಗ ಎಳೆ ತೊಗಟೆಯನ್ನು ಕೊಯ್ಯುತ್ತದೆ.

ಮಣ್ಣಿನ ಮೇಲೆ ಒದ್ದೆ ಕಾಗದ ಮಡಚಿಟ್ಟು, ಅದರ ಮೇಲಿಂದ ಬಟ್ಟೆ ಸುತ್ತಿ ಕುಂಡದ ಕುತ್ತಿಗೆಗೆ ಕಟ್ಟಿದರೆ ಗಾಡಿ ಎಷ್ಟು ಎಗರಿದರೂ ಮಣ್ಣು ಚೆಲ್ಲುವುದಿಲ್ಲ. ಸಣ್ಣ ಕುಂಡಗಳಿಗೆ ತರಕಾರಿ ಅಂಗಡಿಯ ಟೊಮೆಟೊ ಕ್ರೇಟ್ ತುಂಬ ಅನುಕೂಲ. 6 ಇಂಚಿನ ಕುಂಡಗಳು ಒಂದರಲ್ಲಿ ಆರರಿಂದ ಎಂಟು ಕೂರುತ್ತವೆ. ಸಂದಿಗೆ ಗೋಣಿಚೀಲ ತುರುಕಿ. ಮಣ್ಣಿನ ಕುಂಡಗಳ ನಡುವೆಯಂತೂ ಗೋಣಿ ಬೇಕೇ ಬೇಕು. ಬಳ್ಳಿಗಳನ್ನು ಆಸರೆಯ ಕೋಲಿನಿಂದ ಬಿಡಿಸಬೇಡಿ. ತಟ್ಟೆಗಳು, ಕತ್ತರಿ, ನೀರಿನ ಕ್ಯಾನ್ ಎಲ್ಲ ಒಂದೇ ಚೀಲಕ್ಕೆ ಹಾಕಿ, ಅದನ್ನು ಕೈಗೆ ಸಿಗುವಂತೆ ಇಡಿ.

ಗಾಡಿಯಲ್ಲಿ ಭಾರದ ಕುಂಡಗಳು ಡ್ರೈವರ್ ಕ್ಯಾಬಿನ್ನಿಗೆ ಆತುಕೊಂಡಿರಲಿ. ನಿಲ್ಲಿಸಲಾಗದ ಎತ್ತರದ ಗಿಡಗಳನ್ನು ಮಲಗಿಸಿ, ಕುಂಡ ಮುಂದಕ್ಕೆ, ತಲೆ ಹಿಂದಕ್ಕೆ. ಆಗ ಗಾಳಿ ಎಲೆಗಳನ್ನು ಸವರಿಕೊಂಡು ಹೋಗುತ್ತದೆ, ಎದುರು ಹೊಡೆಯುವುದಿಲ್ಲ. ತೆರೆದ ಗಾಡಿಯ ಗಾಳಿ ಎಲೆಗಳ ನೀರನ್ನು ಹೀರಿಬಿಡುತ್ತದೆ. ಮೇಲೆ ಹಸಿರು ಶೇಡ್ ನೆಟ್ ಕಟ್ಟಿಸಿ. ಟಾರ್ಪಾಲು ಕಟ್ಟಿ ಬಿಸಿಲಲ್ಲಿ ಓಡಿಸಿದರೆ ಒಳಗೆ ಬೆಂದುಹೋಗುತ್ತವೆ. ಕಾರಿನಲ್ಲಿ ಒಯ್ಯುವವರಿಗೂ ಇದೇ ಮಾತು. ಗಾಜು ಮುಚ್ಚಿ ಬಿಸಿಲಲ್ಲಿ ಕಾರು ನಿಲ್ಲಿಸಿ ಊಟಕ್ಕೆ ಹೋಗಬೇಡಿ.

ನಾವು ರಾತ್ರಿ 10 ಗಂಟೆಗೆ ಬೆಂಗಳೂರು ಬಿಟ್ಟೆವು. 'ಅಣ್ಣಾ, ಹಂಪ್ ಬಂದಾಗ ನಿಧಾನ ಮಾಡ್ರಿ, ಗಿಡ ಇದಾವೆ' ಅಂತ ಡ್ರೈವರಿಗೆ ಮೊದಲೇ ಹೇಳಿದ್ದೆ. ಹಾಸನದಲ್ಲಿ ಚಹಾ ಕುಡಿಯುವಾಗ ಅವರೇ ಟಾರ್ಚ್ ಹಿಡಿದು ಕಟ್ಟು ಸಡಿಲ ಆಗಿದೆಯಾ ಅಂತ ನೋಡಿದರು. ಶಿರಾಡಿ ಘಾಟಿ ಇಳಿದು ಬೆಳಿಗ್ಗೆ 7ಕ್ಕೆ ಮಂಗಳೂರು ಸೇರಿದಾಗ ಎಲೆಗಳ ಮೇಲೆ ಇಬ್ಬನಿ ಇತ್ತು. ಮಳೆಗಾಲದಲ್ಲಿ ಈ ಘಾಟಿಯಲ್ಲಿ ಗುಡ್ಡ ಕುಸಿದು ದಾರಿ ಬಂದ್ ಆಗುವುದುಂಟು. ಆ ಕಾಲದಲ್ಲಿ ಹೊರಡುವವರು ದಾರಿ ತೆರೆದಿದೆಯಾ ಅಂತ ವಿಚಾರಿಸಿಕೊಂಡೇ ಹೊರಡಿ.

ಇಳಿಸಿದ ಮೇಲೆ

ಗಿಡಗಳನ್ನು ಕೊನೆಗೆ ಹತ್ತಿಸಿ, ಮೊದಲು ಇಳಿಸಿ. ಇಳಿಸಿದ ಕೂಡಲೇ ಕಟ್ಟು ಬಿಚ್ಚಿ, ಎಲ್ಲವನ್ನೂ ಬೆಳಕಿರುವ ನೆರಳಲ್ಲಿಡಿ. ಬಿಸಿಲು ಬೇಡುವ ಗುಲಾಬಿಯೂ ಮೊದಲ ಮೂರು ನಾಲ್ಕು ದಿನ ನೆರಳಲ್ಲೇ ಇರಲಿ. ಆಮೇಲೆ ಒಂದು ವಾರ ಬೆಳಗಿನ ಬಿಸಿಲು, 9 ಗಂಟೆಯವರೆಗೆ. ಅದಾದ ಮೇಲೆ ಅದರ ಖಾಯಂ ಜಾಗ.

ಒಂದಷ್ಟು ಎಲೆ ಹಳದಿಯಾಗಿ ಉದುರುತ್ತದೆ. ಹೆದರಬೇಡಿ. ನಾವು ತಪ್ಪು ಮಾಡುವುದು ಇಲ್ಲೇ. ಎಲೆ ಉದುರಿತು ಅಂತ ದಿನಕ್ಕೆರಡು ಸಲ ನೀರು ಹಾಕುತ್ತೇವೆ, ಗೊಬ್ಬರ ಹಾಕುತ್ತೇವೆ, ಕುಂಡ ಬದಲಾಯಿಸುತ್ತೇವೆ. ಎಲೆ ಕಡಿಮೆಯಾದ ಗಿಡ ನೀರು ಕುಡಿಯುವುದೂ ಕಡಿಮೆ. ಹಾಕಿದ್ದು ನಿಂತು ಬೇರು ಕೊಳೆಯುತ್ತದೆ. ಬೆರಳನ್ನು ಎರಡು ಗಿಣ್ಣಿನಷ್ಟು ಮಣ್ಣಿಗೆ ಇಳಿಸಿ. ತೇವ ಹತ್ತಿದರೆ ಇವತ್ತು ನೀರು ಬೇಡ.

ಗಿಡ ಸತ್ತೇ ಹೋಯಿತು ಅನ್ನಿಸಿದರೆ ಎಸೆಯುವ ಮೊದಲು ಟೊಂಗೆಯ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ನನ್ನ ಮಲ್ಲಿಗೆ ಒಂದೂ ಎಲೆಯಿಲ್ಲದೆ ನಿಂತಿತ್ತು. ತುದಿಯಲ್ಲಿ ಕೆರೆದೆ, ಕಂದು. ನಾಲ್ಕು ಇಂಚು ಕೆಳಗೆ ಕೆರೆದೆ, ಅಲ್ಲೂ ಕಂದು. ಬುಡದ ಹತ್ತಿರ ಕೆರೆದಾಗ ಉಗುರಿಗೆ ಹಸಿ ಹತ್ತಿತು, ಕೆಳಗೆ ತಿಳಿಹಸಿರು ಕಂಡಿತು. ಹಸಿರು ಸಿಕ್ಕ ಜಾಗದ ಮೇಲಿನದ್ದನ್ನೆಲ್ಲ ಕತ್ತರಿಸಿ, ನೆರಳಲ್ಲಿಟ್ಟು, ಮಣ್ಣು ಒಣಗಿದಾಗ ಮಾತ್ರ ನೀರು ಹಾಕಿದೆ. 24ನೇ ದಿನ ಬುಡದಲ್ಲಿ ಸಾಸಿವೆಯಷ್ಟು ದಪ್ಪದ ಎರಡು ಚಿಗುರು ಕಾಣಿಸಿತು.

ಹೊಸ ಮನೆಯ ನೀರನ್ನೂ ಗಮನಿಸಿ. ಅಪಾರ್ಟ್‌ಮೆಂಟುಗಳಲ್ಲಿ ಬೋರ್‌ವೆಲ್ ನೀರನ್ನು ಗಡಸುತನ ತೆಗೆಯುವ ಸಾಫ್ಟ್‌ನರ್‌ನಲ್ಲಿ ಹಾಯಿಸಿ ಕೊಡುತ್ತಾರೆ. ಅದಕ್ಕೆ ಉಪ್ಪು ಬಳಸುವುದರಿಂದ ನೀರಲ್ಲಿ ಸೋಡಿಯಂ ಜಾಸ್ತಿ, ಎಲೆಯ ಅಂಚು ಸುಡುತ್ತದೆ. ಸಾಫ್ಟ್‌ನರ್ ದಾಟದ ನಲ್ಲಿ ಎಲ್ಲಿದೆ ಅಂತ ಕೇಳಿ, ಇಲ್ಲದಿದ್ದರೆ ಅಕ್ಕಿ, ತರಕಾರಿ ತೊಳೆಯಲು ಬಳಸುವ ಕುಡಿಯುವ ನೀರನ್ನೇ ಚೆಲ್ಲದೆ ಗಿಡಕ್ಕೆ ಹಾಕಿ.

ಊರು ಬದಲಾದರೆ ಮಳೆಯೂ ಬದಲಾಗುತ್ತದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವುದು ಸಾವಿರ ಮಿಲಿಮೀಟರ್ ಆಸುಪಾಸು, ಮಂಗಳೂರಿನಲ್ಲಿ ಮೂರೂವರೆ ಸಾವಿರಕ್ಕೂ ಜಾಸ್ತಿ. ಕೋಕೋಪಿಟ್ ತುಂಬಿದ ನನ್ನ ಕುಂಡಗಳು ಜೂನಿನಲ್ಲಿ ಸ್ಪಂಜಿನಂತಾದವು. ನಾನು ಕಳೆದುಕೊಂಡ ಎರಡು ಗಿಡಗಳು ಗುಲಾಬಿ, ಎರಡೂ ಎಲೆಗಳಿಗೆ ಕಪ್ಪು ಚುಕ್ಕೆ ಬಿದ್ದು ಹೋದವು. ಕರಾವಳಿಗೆ ಬರುವವರು ಮಳೆಗೆ ಮೊದಲೇ ತಳದ ತೂತು ದೊಡ್ಡದು ಮಾಡಿ, ಕುಂಡಗಳನ್ನು ಮುರಕಲ್ಲಿನ (ಕರಾವಳಿಯ ಕೆಂಪು ಕಲ್ಲು) ತುಂಡುಗಳ ಮೇಲೆ ಎತ್ತಿಡಿ, ತಟ್ಟೆ ತೆಗೆದುಬಿಡಿ, ಗುಲಾಬಿ ಮತ್ತು ಕಳ್ಳಿಯನ್ನು ಸೂರಿನ ಅಡಿಗೆ ತನ್ನಿ. ಕರಾವಳಿಯಿಂದ ಬಯಲುಸೀಮೆಗೆ ಹೋಗುವವರಿಗೆ ಇದರ ತದ್ವಿರುದ್ಧ. ಮಣ್ಣಿನ ಮೇಲೆ ಒಣಎಲೆ, ತೆಂಗಿನ ಸಿಪ್ಪೆ ಹೊದಿಸಿ, ಮೊದಲ ತಿಂಗಳು ಗಾಳಿಗೆ ಮರೆ ಮಾಡಿ.

ಹೊಸ ಚಿಗುರು ಎರಡು ಇಂಚು ಬೆಳೆಯುವವರೆಗೆ ಗೊಬ್ಬರ ಬೇಡ. ಬೆಳೆದ ಮೇಲೆ ಕುಂಡಕ್ಕೊಂದು ಹಿಡಿ ಎರೆಗೊಬ್ಬರ ಸಾಕು. ಕರಿಬೇವಿನ ಸೊಪ್ಪನ್ನೂ ಅಲ್ಲಿಯವರೆಗೆ ಕೀಳಬೇಡಿ, ಅಂಗಡಿಯಿಂದ ತನ್ನಿ.

ವಿಜಯನಗರದ ಆ ಮನೆಯಲ್ಲಿ ಮುರಿದು ಉಳಿದ ಬೇರಿನ ಕಥೆ ಅಲ್ಲಿಗೇ ಮುಗಿಯಲಿಲ್ಲ. ಮಳೆಗಾಲ ಕಳೆದ ಮೇಲೆ ಮಹಡಿಯ ಆಂಟಿ ಫೋನ್ ಮಾಡಿ, 'ನಿಮ್ಮ ಕರಿಬೇವು ಇಲ್ಲೇ ಮೂರು ಕಡೆ ಎದ್ದಿದೆ ಕಣಮ್ಮ, ಬಂದು ತಗೊಂಡು ಹೋಗು' ಅಂದರು. ಗೇಣುದ್ದದ ಒಂದು ಮರಿಯನ್ನು ಸುತ್ತಲಿನ ಮಣ್ಣಿನ ಸಮೇತ ಅಗೆದು ತಂದೆ. ಮಂಗಳೂರಿಗೆ ಬಂದದ್ದು ಅದೇ ಗಿಡ. ಈಗ ಅದು ಸೊಂಟದವರೆಗೆ ಬೆಳೆದಿದೆ, ಕುಂಡವನ್ನು ತಿಂಗಳಿಗೊಮ್ಮೆ ಎತ್ತಿ ತಳ ನೋಡುತ್ತೇನೆ.